ದೂರದ ದಾರಿ, ಪುಟ್ಟ ಪಯಣಿಗ

ಪ್ರಯಾಣವೆಂದರೆ ನಮಗೆ ಒಂದು ಊರನ್ನು ಬಿಟ್ಟು ಇನ್ನೊಂದು ಊರನ್ನು ಸೇರುವುದು. ನಡುವಿನ ದಾರಿ ಎಷ್ಟೇ ಬೇಸರದ್ದಾದರೂ ಸೇರಬೇಕಾದ ಊರಿನ ನೆನಪು ನಮ್ಮನ್ನು ಸಮಾಧಾನಪಡಿಸುತ್ತಿರುತ್ತದೆ. ಎರಡು ವರ್ಷದ ಮಗುವಿಗೆ ಈ ಸಮಾಧಾನವಿಲ್ಲ. ಅದಕ್ಕೆ ಹಾಸನವೆಂದರೇನು, ಧರ್ಮಸ್ಥಳವೆಂದರೇನು? ‘ಇನ್ನು ಮೂರು ಗಂಟೆ, ತಡೆದುಕೋ ಕಂದಾ’ ಎಂದರೆ, ಗಂಟೆ ಎಂಬುದು ಅದಕ್ಕೆ ಗುಡಿಯಲ್ಲಿ ತೂಗುವ ಗಂಟೆಯೇ ಹೊರತು ಕಾಲದ ಅಳತೆಯಲ್ಲ. ಅದಕ್ಕೆ ಗೊತ್ತಿರುವುದು ಈ ಗಳಿಗೆ ಒಂದೇ. ಈ ಗಳಿಗೆ ಸೊಗಸಾಗಿದ್ದರೆ ನಗುತ್ತದೆ, ಇಲ್ಲವಾದರೆ ಅಳುತ್ತದೆ. ಕಾರಿನಲ್ಲಿ ಕುಳಿತ ಹಿರಿಯರೆಲ್ಲರ ನೆಮ್ಮದಿ ಆ ಒಂದು ಗಳಿಗೆಯ ಮೇಲೆ ನಿಂತಿರುತ್ತದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ನಮ್ಮ ಊರು. ಅಲ್ಲಿಂದ ಧರ್ಮಸ್ಥಳಕ್ಕೆ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರಗಳ ಮೇಲೆ ಹಾದು, ಶಿರಾಡಿ ಘಾಟಿಯನ್ನು ಇಳಿದು ಹೋಗುವುದೆಂದರೆ ಮುನ್ನೂರು ಕಿಲೋಮೀಟರಿಗೆ ಮೀರಿದ ದಾರಿ. ಈ ದಾರಿಯನ್ನು ಮೊಮ್ಮಕ್ಕಳೊಡನೆ ನಾನು ಎರಡು ಸಲ ಕ್ರಮಿಸಿದ್ದೇನೆ. ಮೊದಲ ಸಲ ಮೊಮ್ಮಗಳು, ಎರಡನೆಯ ಸಲ ಅವಳ ತಮ್ಮ. ಎರಡೂ ಪ್ರಯಾಣಗಳಲ್ಲಿ ಮಕ್ಕಳ ವಯಸ್ಸು ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದರಲ್ಲಿ ನಡೆದ ಒಂದು ಸಂಗತಿಯಿಂದಾಗಿ ಎರಡನೆಯ ಪ್ರಯಾಣದ ರೀತಿಯೇ ಬೇರೆಯಾಯಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಮೊಮ್ಮಗಳು ಅಂದು ಅಜ್ಜಿಯ ಮಡಿಲಲ್ಲಿದ್ದಳು. ಮಡಿಲಿಗಿಂತ ಭದ್ರವಾದ ಸ್ಥಳ ಲೋಕದಲ್ಲಿ ಉಂಟೆ ಎಂದು ನಾನೂ ನಂಬಿದ್ದವನು. ಚನ್ನರಾಯಪಟ್ಟಣ ಕಳೆದ ಮೇಲೆ ಎಲ್ಲಿಂದಲೋ ಒಂದು ಎಳೆಗರು ರಸ್ತೆಗೆ ನುಗ್ಗಿತು. ಮಗ ಬ್ರೇಕು ಒತ್ತಿದ. ಕಾರು ಯಾವುದಕ್ಕೂ ತಗುಲಲಿಲ್ಲ. ಕರು ಬಾಲವೆತ್ತಿ ಆಚೆ ಬದಿಗೆ ಓಡಿತು. ಆದರೆ ಮಡಿಲಲ್ಲಿದ್ದ ಮಗು ಮುಂದಿನ ಆಸನದ ಬೆನ್ನಿಗೆ ಹೋಗಿ ಬಡಿದಿತ್ತು. ಹಣೆಯ ಮೇಲೆ ನೆಲ್ಲಿಕಾಯಿ ಗಾತ್ರದ ಬುಗುಟು, ಅಷ್ಟೆ, ಮರುದಿನಕ್ಕೆ ಇಳಿಯಿತು. ಇಳಿಯದೆ ಉಳಿದದ್ದು ನನ್ನಾಕೆಯ ಮಾತು: ‘ನಾನು ಹಿಡಿದುಕೊಂಡೇ ಇದ್ದೆ. ಗಟ್ಟಿಯಾಗಿಯೇ ಹಿಡಿದುಕೊಂಡಿದ್ದೆ.’

ಅವಳು ಹಿಡಿದುಕೊಂಡೇ ಇದ್ದದ್ದು ನಿಜ. ಹಿಡಿಯಲು ಸಾಧ್ಯವಿರಲಿಲ್ಲವೆಂಬುದೂ ನಿಜ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಏನಕ್ಕಾದರೂ ಢಿಕ್ಕಿ ಹೊಡೆದು ಅರ್ಧ ಮೀಟರಿನೊಳಗೆ ನಿಂತಿತೆನ್ನಿ. ಕಾರು ನಿಂತರೂ ಅದರೊಳಗಿನ ಮಗು ಅದೇ ವೇಗದಲ್ಲಿ ಮುಂದೆ ಸಾಗುತ್ತಿರುತ್ತದೆ. 10 ಕಿಲೋ ತೂಕದ ಆ ಮಗುವನ್ನು ತಡೆದು ನಿಲ್ಲಿಸಲು ಬೇಕಾದ ಬಲ, ಲೆಕ್ಕ ಹಾಕಿದರೆ, ಸುಮಾರು 200 ಕಿಲೋ ತೂಕವನ್ನು ಎತ್ತಿ ಹಿಡಿಯುವಷ್ಟು. ಕ್ವಿಂಟಲ್ ತೂಗುವ ಎರಡು ರಾಗಿ ಮೂಟೆಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎತ್ತಬಲ್ಲ ತೋಳು ಯಾವ ಅಜ್ಜಿಗಿದೆ, ಯಾವ ಪೈಲ್ವಾನನಿಗಿದೆ? ಮೇಲಾಗಿ ಎಳೆಯ ಮಗುವಿನ ತಲೆ ಅದರ ಮೈಗೆ ಹೋಲಿಸಿದರೆ ಬಲು ಭಾರ, ಕತ್ತಿನ ಮೂಳೆಗಳು ಮೃದು. ಆದುದರಿಂದಲೇ ಮಕ್ಕಳ ಆಸನವೆಂದು ಬೇರೆಯಾಗಿ ಮಾಡಿರುವುದು, ತೀರ ಎಳೆಯ ಮಕ್ಕಳ ಆಸನವನ್ನು ಹಿಂದಕ್ಕೆ ಮುಖ ಮಾಡಿ ಬಿಗಿಯುವುದು. ಹಾಗೆ ಹಿಂದೆ ಮುಖ ಮಾಡಿದ ಆಸನವನ್ನು ಗಾಳಿಚೀಲವಿರುವ ಮುಂದಿನ ಸೀಟಿನಲ್ಲಿ ಮಾತ್ರ ಎಂದೂ ಇಡಬಾರದು. ಚೀಲ ಸಿಡಿದು ಉಬ್ಬಿದಾಗ ಅದರ ಪೆಟ್ಟು ನೇರವಾಗಿ ಮಗುವಿನ ತಲೆಗೇ. ನಮ್ಮ ದೇಶದ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯೂ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಪಟ್ಟಿಯಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸಬೇಕೆಂದು ಹೇಳುತ್ತದೆ. ತಪ್ಪಿದರೆ ಸಾವಿರ ರೂಪಾಯಿ ದಂಡ. ದಂಡದ ಮಾತು ಬಿಡಿ. ಆ ಬುಗುಟು ನಮಗೆ ಸಾಕಾಗಿತ್ತು.

ಇಲ್ಲಿ ಒಂದು ತೊಡಕು ಹುಟ್ಟುತ್ತದೆ. ಮಡಿಲೆಂಬುದು ಬರಿಯ ಆಸನವಾಗಿರಲಿಲ್ಲ. ಅದೇ ತೊಟ್ಟಿಲು, ಅದೇ ಆಟದ ಬಯಲು, ಅದೇ ರಂಗಸ್ಥಳ. ಅಜ್ಜಿಯ ಬಳೆ, ತಾಳಿ, ಸೆರಗು, ಮೂಗುತಿಗಳೇ ಆಟದ ಸಾಮಾನು. ಮಗುವನ್ನು ಅಲ್ಲಿಂದ ಎತ್ತಿ ಪಟ್ಟಿ ಬಿಗಿದು ಬೇರೊಂದು ಪೀಠದಲ್ಲಿ ಕೂರಿಸಿದೆವೆಂದರೆ ಅದರ ಲೋಕವನ್ನೇ ಕಸಿದುಕೊಂಡಂತೆ. ಕಸಿದುಕೊಂಡವರು ಅದಕ್ಕೆ ಬದಲಾಗಿ ಏನನ್ನಾದರೂ ಕೊಡಬೇಕಲ್ಲವೆ? ಪ್ರಯಾಣದಲ್ಲಿ ಮಗುವನ್ನು ರಂಜಿಸುವ ಪ್ರಶ್ನೆ ಹುಟ್ಟುವುದು ಇಲ್ಲಿಂದ. ಇದು ಬರಿಯ ಮುದ್ದಿನ ವಿಷಯವೂ ಅಲ್ಲ. ಹಿಂದೆ ಮಗು ಕಿರುಚುತ್ತಿದ್ದರೆ ಕಾರು ನಡೆಸುವವನ ಕಣ್ಣು ರಸ್ತೆಯ ಮೇಲೆ ನಿಲ್ಲುವುದಿಲ್ಲ. ಅಳು ತಾಳಲಾರದೆ ‘ಐದು ನಿಮಿಷ ಮಾತ್ರ’ ಎಂದು ಪಟ್ಟಿ ಬಿಚ್ಚುವವರೂ ಇದ್ದಾರೆ. ಕರು ಅಡ್ಡ ಬರುವುದು ಆ ಐದು ನಿಮಿಷದಲ್ಲಿಯೇ ಇರಬಹುದು.

ನಾನು ಚಿಕ್ಕವನಿದ್ದಾಗ ಜಾತ್ರೆಗೆ ಹೋಗುತ್ತಿದ್ದುದು ಎತ್ತಿನ ಗಾಡಿಯಲ್ಲಿ. ಅದರಲ್ಲಿ ಮಕ್ಕಳನ್ನು ರಂಜಿಸಬೇಕೆಂದು ಯಾರೂ ಯೋಚಿಸಿದ್ದು ನೆನಪಿಲ್ಲ. ಗಾಡಿಯ ವೇಗ ಮನುಷ್ಯನ ನಡಿಗೆಗಿಂತ ಹೆಚ್ಚಿನದೇನಲ್ಲ. ಹೊಲದ ಬದುವಿನ ಮೇಲೆ ಕುಳಿತ ಓತಿಕ್ಯಾತ ಕತ್ತಾಡಿಸುವುದನ್ನು ನೋಡಿ ಮುಗಿಸುವಷ್ಟು ಸಮಯವಿರುತ್ತಿತ್ತು. ಕಾರಿನಲ್ಲಿ ಹಾಗಲ್ಲ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ‘ಅಗೋ ನೋಡು, ಹಸು!’ ಎಂದು ನಾವು ಬೆರಳು ತೋರಿಸುತ್ತೇವೆ. ಮಗು ಆ ಮಾತನ್ನು ಕೇಳಿ, ಬೆರಳನ್ನು ನೋಡಿ, ಬೆರಳ ದಿಕ್ಕನ್ನು ಹಿಡಿದು ತಲೆ ತಿರುಗಿಸುವ ಹೊತ್ತಿಗೆ ಹಸು ನೂರು ಗಜ ಹಿಂದೆ ಉಳಿದಿರುತ್ತದೆ. ಹೀಗೆ ನಾಲ್ಕು ಸಲ ಆದರೆ ಮಗು ನಮ್ಮ ಮಾತನ್ನು ನಂಬುವುದನ್ನೇ ಬಿಟ್ಟುಬಿಡುತ್ತದೆ. ಮಗುವಿಗೆ ಚಂಚಲ ಬುದ್ಧಿ ಎಂದು ನಾವು ದೂರುತ್ತೇವೆ, ಚಂಚಲವಾದುದು ಹಸು.

ಆದುದರಿಂದ ಹತ್ತಿರದ್ದನ್ನು ತೋರಿಸಬಾರದು, ದೂರದ್ದನ್ನು ತೋರಿಸಬೇಕು. ಇದು ನಾನು ಎರಡನೆಯ ಪ್ರಯಾಣದಲ್ಲಿ ಕಲಿತ ಪಾಠ. ದೂರದ ಬೆಟ್ಟ ಐದು ನಿಮಿಷವಾದರೂ ಕಣ್ಣಿಗೆ ಸಿಕ್ಕುತ್ತದೆ, ಹತ್ತು ನಿಮಿಷವೂ ಜೊತೆಗೆ ಬರುತ್ತದೆ. ಮೋಡ ಇನ್ನೂ ನಿಧಾನ. ಕೆರೆ ದೊಡ್ಡದಾಗಿದ್ದರೆ ಅದೂ ಸರಿ. ಹುಬ್ಬಳ್ಳಿಯ ಕಡೆ ಹೋಗುವವರು ಇನ್ನೂ ಪುಣ್ಯವಂತರು. ಚಿತ್ರದುರ್ಗದ ಬೆಟ್ಟಸಾಲಿನ ಮೇಲಿನ ಗಾಳಿಯಂತ್ರಗಳು ಅಷ್ಟು ದೂರದಿಂದ ಸಾವಕಾಶವಾಗಿ ತಿರುಗುತ್ತ, ಎಷ್ಟು ಹೊತ್ತಾದರೂ ಮಗುವಿನ ಕಣ್ಣಿನಿಂದ ಜಾರುವುದಿಲ್ಲ. ರಾತ್ರಿಯ ಪ್ರಯಾಣವಾದರೆ ಚಂದ್ರನಿಗಿಂತ ಒಳ್ಳೆಯ ಗೆಳೆಯನಿಲ್ಲ. ಅವನು ಎಲ್ಲ ಮಕ್ಕಳ ಕಾರಿನ ಜೊತೆಗೂ ಓಡಿ ಬರುತ್ತಾನೆ.

ಇನ್ನು ಮಾತು. ಒಂದೂವರೆ ವರ್ಷದಿಂದ ಮೂರು ವರ್ಷದವರೆಗಿನ ಕಾಲ ಮಗು ಮಾತುಗಳನ್ನು ಆಯ್ದು ಉಡಿಯಲ್ಲಿ ತುಂಬಿಕೊಳ್ಳುವ ಕಾಲ. ಆ ವಯಸ್ಸಿಗೆ ಕಥೆ ಬೇಕಿಲ್ಲ. ಹೆಸರು ಸಾಕು, ಸದ್ದು ಸಾಕು. ‘ಲಾರಿ’ ಎಂದು ಒಮ್ಮೆ ಹೇಳಿದರೆ ಆಗದು. ಹದಿನೈದು ಸಲ ಹೇಳಬೇಕು, ಹದಿನಾರನೆಯ ಸಲ ಬೇಕೆಂದೇ ತಪ್ಪಾಗಿ ‘ಬಸ್ಸು’ ಎನ್ನಬೇಕು. ಆಗ ನೋಡಿ ಮಗುವಿನ ಮುಖವನ್ನು! ಹಿರಿಯರು ತಪ್ಪಿದರೆಂಬ ಸಂತೋಷಕ್ಕೆ ಸಮನಾದ ಸಂತೋಷ ಅದಕ್ಕೆ ಬೇರೊಂದಿಲ್ಲ. ಹೇಳಿದ್ದನ್ನೇ ಹೇಳುವುದು ನಮಗೆ ಬೇಸರ. ಮಗುವಿಗೆ ಅದೇ ರುಚಿ, ಏಕೆಂದರೆ ಮುಂದೆ ಏನು ಬರುತ್ತದೆಂದು ತನಗೆ ಗೊತ್ತು ಎಂಬ ಹೆಮ್ಮೆ ಅದರಲ್ಲಿದೆ. ಏನೊಂದೂ ತನ್ನ ಕೈಯಲ್ಲಿಲ್ಲದ ಕಾರಿನೊಳಗೆ ಈ ಹೆಮ್ಮೆ ಸಣ್ಣದಲ್ಲ.

ನಮ್ಮ ಶಿಶುಗೀತೆಗಳ ಬೆಲೆ ನನಗೆ ತಿಳಿದದ್ದು ಈ ದಾರಿಯಲ್ಲಿಯೇ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಮೊದಲಾದವರು ಮಕ್ಕಳಿಗಾಗಿ ಬರೆದದ್ದನ್ನು ನಾವು ಪಂಡಿತರು ‘ಬಾಲಸಾಹಿತ್ಯ’ ಎಂದು ಪಕ್ಕಕ್ಕೆ ಸರಿಸಿಬಿಡುವುದುಂಟು. ಕುಣಿಗಲ್ಲಿನಿಂದ ಹಾಸನದವರೆಗೆ ಒಂದು ಮಗುವನ್ನು ಅಳದಂತೆ ಕೂರಿಸಿ ನೋಡಲಿ, ಆಗ ಪ್ರಾಸದ ಮಹಿಮೆ ತಿಳಿಯುತ್ತದೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇಂಗ್ಲಿಷ್ ಕವಿ ಬ್ರೌನಿಂಗನ ಕಥನಕವನದಿಂದ ಹುಟ್ಟಿದ್ದು. ಅದರ ಕಥೆ ನಮ್ಮ ಎರಡು ವರ್ಷದ ಹುಡುಗನಿಗೆ ಅರ್ಥವಾಗುವ ಮಾತೇ ಇಲ್ಲ. ಆದರೂ ಇಲಿಗಳು ಬರುವ ಭಾಗಕ್ಕೆ ಅವನ ಕಾಲುಗಳು ತಾವಾಗಿ ತಾಳ ಹಾಕುತ್ತಿದ್ದವು. ದೊಡ್ಡಬಳ್ಳಾಪುರ ನೇಕಾರರ ಊರು. ಅಲ್ಲಿ ಮಗ್ಗದ ಸದ್ದಿಲ್ಲದಿದ್ದರೆ ಮಲಗದ ಕೂಸುಗಳಿವೆಯೆಂದು ಹೇಳುವುದನ್ನು ಕೇಳಿದ್ದೇನೆ. ಒಂದೇ ಲಯದಲ್ಲಿ ಮರಳಿ ಮರಳಿ ಬರುವ ಸದ್ದಿನಲ್ಲಿ ಮಗುವಿಗೆ ಯಾವುದೋ ಅಭಯವಿದೆ.

ಆಟಿಕೆಗಳ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಎಲ್ಲವನ್ನೂ ಒಟ್ಟಿಗೆ ಕೊಡಬಾರದು. ಬಟ್ಟೆಯ ಚೀಲದಲ್ಲಿ ಬಚ್ಚಿಟ್ಟು ಒಂದೊಂದಾಗಿ ತೆಗೆಯಬೇಕು. ಮರೆಯಾದ ವಸ್ತು ಇಲ್ಲವಾಗಿಲ್ಲ, ಎಲ್ಲೋ ಇದೆ ಎಂಬ ಅರಿವು ಮಗುವಿಗೆ ಮೊದಲ ಹುಟ್ಟುಹಬ್ಬಕ್ಕೆ ಮುನ್ನವೇ ಮೊಳೆಯುತ್ತದೆಂದು ಸ್ವಿಟ್ಜರ್ಲೆಂಡಿನ ವಿದ್ವಾಂಸ ಪಿಯಾಜೆ ತನ್ನ ಮಕ್ಕಳನ್ನೇ ನೋಡಿ ಬರೆದಿಟ್ಟ. ಕಣ್ಣಾಮುಚ್ಚಾಲೆಯ ಸೊಗಸೆಲ್ಲ ಆ ಅರಿವಿನಲ್ಲಿದೆ; ಒಂದು ಕರವಸ್ತ್ರವಿದ್ದರೆ ಅರ್ಧ ಗಂಟೆ ಕಳೆಯುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಬೊಂಬೆಗಳೆಂದರೆ ನನಗೆ ಪ್ರಾಣ. ಆದರೂ ಓಡುವ ಕಾರಿನಲ್ಲಿ ಅವು ಬೇಡ. ಬ್ರೇಕು ಒತ್ತಿದಾಗ ಗಟ್ಟಿ ವಸ್ತು ಕಲ್ಲಿನಂತೆ ಹಾರುತ್ತದೆ. ಕಾರಿನೊಳಗೆ ಬಟ್ಟೆಯ ಗೊಂಬೆ, ಇಳಿದಾಗ ಮರದ ಬುಗುರಿ.

ತಿನಿಸೂ ಒಂದು ಮನರಂಜನೆಯೇ. ಆದರೆ ನಮ್ಮ ಸೀಮೆಯ ಪ್ರಯಾಣದ ತಿನಿಸುಗಳಾದ ಹುರಿದ ಕಡಲೆಕಾಯಿ, ಬಟಾಣಿ, ನಮ್ಮ ತೋಟಗಳ ದ್ರಾಕ್ಷಿ, ಇವೇ ಚಿಕ್ಕ ಮಕ್ಕಳಿಗೆ ಅಪಾಯ. ಉರುಟಾದ ಕಾಳು ಕಾರಿನ ಕುಲುಕಾಟದಲ್ಲಿ ಶ್ವಾಸನಾಳಕ್ಕೆ ಜಾರಿದರೆ ಮಗು ಕೂಗಲೂ ಆರದು. ಮುಂದೆ ಕುಳಿತವರಿಗೆ ಮಗು ಸುಮ್ಮನಾಯಿತೆಂದು ಸಮಾಧಾನ! ದ್ರಾಕ್ಷಿಯನ್ನು ಬೀಜ ತೆಗೆದು ಉದ್ದಕ್ಕೆ ಸೀಳಿ ಕೊಡಬಹುದು. ಕಡಲೆಬೀಜ ಬೇಡವೇ ಬೇಡ. ಮೆತ್ತನೆಯ ಇಡ್ಲಿ, ಬಾಳೆಹಣ್ಣು, ನೆನೆಸಿದ ಅವಲಕ್ಕಿ ಸಾಕು. ತಿನ್ನುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಸಕಲೇಶಪುರ ದಾಟಿ ಮಾರನಹಳ್ಳಿಯಿಂದ ಗುಂಡ್ಯದವರೆಗಿನ ಇಳಿಜಾರು ಈ ದಾರಿಯ ಕಠಿಣ ಪರೀಕ್ಷೆ. ಒಳಗಿವಿಯಲ್ಲಿರುವ ಅರೆವೃತ್ತದ ನಾಳಗಳು ‘ನೀನು ತಿರುಗುತ್ತಿದ್ದೀಯೆ, ಓಲಾಡುತ್ತಿದ್ದೀಯೆ’ ಎಂದು ಮಿದುಳಿಗೆ ಹೇಳುತ್ತವೆ. ಕಾರಿನ ಒಳಭಾಗವನ್ನೇ ನೋಡುತ್ತಿರುವ ಕಣ್ಣು ‘ಇಲ್ಲ, ನಾನು ನಿಶ್ಚಲವಾಗಿದ್ದೇನೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳದಲ್ಲಿ ಹೊಟ್ಟೆ ಕೆಡುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಅಪರೂಪ. ಅಲ್ಲಿಂದ ಹನ್ನೆರಡರವರೆಗೆ ಸಾಮಾನ್ಯ. ಮೊಮ್ಮಗಳಿಗೆ ಮೊದಲ ಸಲ ಹೀಗಾದಾಗ ಅದು ಹಟವೆಂದು ಗದರಿದ್ದೆ, ಈಗಲೂ ನಾಚಿಕೆಯಾಗುತ್ತದೆ. ಚಟಪಟ ಮಾತನಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮೌನವಾಗಿ, ಬಿಳಿಚಿಕೊಂಡು, ಆಕಳಿಸತೊಡಗಿದರೆ ಕಾರು ನಿಲ್ಲಿಸಬೇಕಾದ ಹೊತ್ತು ಬಂದಿದೆಯೆಂದು ತಿಳಿಯಬೇಕು. ಘಾಟಿಯಲ್ಲಿ ಚಿತ್ರಪುಸ್ತಕ ಮುಚ್ಚಿಡಬೇಕು, ಕಿಟಕಿ ತುಸು ಇಳಿಸಬೇಕು, ದೂರದ ಕಾಡನ್ನು ತೋರಿಸಬೇಕು. ಔಷಧವೇನಿದ್ದರೂ ವೈದ್ಯರನ್ನು ಕೇಳಿದ ಮೇಲೆ. ಇನ್ನೊಂದು ಸಂಗತಿ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಬೇಗಬೇಗನೆ ಇಳಿಯುವಾಗ ಗಾಳಿಯ ಒತ್ತಡ ಹೆಚ್ಚಿ ಕಿವಿ ಕಟ್ಟಿಕೊಳ್ಳುತ್ತದೆ. ನಾವು ಉಗುಳು ನುಂಗಿ ಸರಿಪಡಿಸಿಕೊಳ್ಳುತ್ತೇವೆ, ಮಗುವಿಗೆ ಆ ಉಪಾಯ ತಿಳಿಯದು. ಗುಟುಕು ಗುಟುಕಾಗಿ ನೀರು ಕುಡಿಸಿದರೆ ಅಳು ನಿಲ್ಲುವುದನ್ನು ಕಣ್ಣಾರೆ ಕಂಡಿದ್ದೇನೆ.

ಮೊಬೈಲಿನ ಪರದೆ ಕೊಡಬಹುದೆ ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಸಲಹೆಯಂತೆ ಒಂದು ವರ್ಷದ ಮಗುವಿಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನಾನು ಮೊದಲು ಇದರಲ್ಲಿ ಕಟ್ಟುನಿಟ್ಟಿನವನಾಗಿದ್ದೆ. ನೆಲಮಂಗಲದ ಬಳಿ ವಾಹನಗಳು ಕದಲದೆ ನಿಂತಾಗ ಸೊಸೆ ಹತ್ತು ನಿಮಿಷ ಆನೆಗಳ ಚಿತ್ರ ತೋರಿಸಿದಳು. ನಾನು ಆಚೆ ನೋಡುತ್ತ ಕುಳಿತೆ. ಅದೇ ಸಲಹೆಯಲ್ಲಿ ಇನ್ನೊಂದು ಮಾತಿದೆ. ಅದನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ಎಳೆಯ ಮಕ್ಕಳನ್ನು ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿ ಕೂರಿಸಬಾರದು ಎಂಬುದು ಅದು. ಕಾರಿನಲ್ಲಿ ಇದನ್ನು ಅಕ್ಷರಶಃ ಪಾಲಿಸುವುದು ಕಷ್ಟ. ಆದರೂ ಎಚ್ಚರವಿರುವಾಗ ಗಂಟೆ, ಒಂದೂವರೆ ಗಂಟೆಗೊಮ್ಮೆ ಇಳಿಸಿ ಓಡಾಡಿಸಿದ ಮಗು ಮುಂದಿನ ಗಂಟೆ ಬೇರೆಯೇ ಮಗು. ಇಳಿದಾಗ ಹಿರಿಯರು ಕಾಫಿಗೆ ಹೋಗಿ, ಮಲಗಿದೆಯೆಂದು ಮಗುವನ್ನು ಕಾರಿನಲ್ಲಿ ಬಿಡುವುದು ಮಾತ್ರ ಎಂದಿಗೂ ಕೂಡದು. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಾಪ ಏರುತ್ತದೆ.

ನಾವು ಎರಡನೆಯ ಸಲ ಹೊರಟದ್ದು ನಸುಕಿನ ಐದಕ್ಕೆ. ಮಲಗಿದ್ದವನನ್ನು ಹಾಗೆಯೇ ಎತ್ತಿ ಆಸನದಲ್ಲಿ ಕೂರಿಸಿದೆವು. ಸಾಸಲಿನ ರಾಗಿ ಮೆದೆಗಳು, ನೀಲಗಿರಿ ತೋಪುಗಳು ಅವನಿಗೆ ಕಾಣಲೇ ಇಲ್ಲ. ಕಣ್ಣು ಬಿಟ್ಟಾಗ ಕುಣಿಗಲ್ ಕಳೆದಿತ್ತು. ಎರಡು ಗಂಟೆ ಹೀಗೆ ಉಳಿಯಿತು. ಮಧ್ಯೆ ಎರಡು ಸಲ ಜೋರಾಗಿ ಅತ್ತ, ಒಂದು ಸಲ ಚಪ್ಪಲಿ ಎಸೆದ. ಘಾಟಿಯ ಮೇಲ್ಭಾಗದಲ್ಲಿ ಅಜ್ಜಿಯ ಬೆರಳು ಹಿಡಿದು ಬೆಟ್ಟಗಳನ್ನು ಎಣಿಸಿದ. ಅವನ ಎಣಿಕೆಯಲ್ಲಿ ಎಲ್ಲ ಬೆಟ್ಟವೂ ‘ಎರಡು’.

ಕೊಕ್ಕಡ ದಾಟಿ, ಅಡಕೆ ತೋಟಗಳ ನಡುವೆ ಸಾಗಿ ಧರ್ಮಸ್ಥಳ ತಲುಪಿದೆವು. ಎಲ್ಲರೂ ಇಳಿದರು. ಅವನು ಮಾತ್ರ ಕಿಟಕಿಯನ್ನೇ ನೋಡುತ್ತ, ‘ಬೆಟ್ಟ ಎಲ್ಲಿ?’ ಎಂದ. ನಾಳೆ ಹಿಂದಿರುಗುವಾಗ ಮತ್ತೆ ಸಿಕ್ಕುತ್ತದೆ ಎಂದೆ. ‘ನಾಳೆ’ ಎಂಬುದನ್ನು ಅವನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅಜ್ಜಿ ಪಟ್ಟಿ ಬಿಚ್ಚಿ, ಅವನನ್ನು ಎತ್ತಿಕೊಂಡು, ಮರದ ನೆರಳಿನ ಕಟ್ಟೆಯ ಮೇಲೆ ಮಡಿಲಲ್ಲಿ ಕೂರಿಸಿಕೊಂಡಳು.