ಹೈಬ್ರಿಡ್ ತೆಂಗು ಒಳ್ಳೇದಾ, ನಾಟಿನಾ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಕೇಳುಗರಿಂದ ನನಗೆ ಪದೇ ಪದೇ ಬರೋ ಪ್ರಶ್ನೆ ಒಂದಿದೆ: "ಬರದಲ್ಲಿ ಒಣಗಿದ ಮರಗಳ ಜಾಗಕ್ಕೆ ಹೊಸ ಸಸಿ ಇಡಬೇಕು. ಅಪ್ಪ ನಾಟಿನೇ ಇರಲಿ ಅಂತಾರೆ, ನನಗೆ ಹೈಬ್ರಿಡ್ ಹಾಕೋಣ ಅನ್ಸುತ್ತೆ. ಯಾರ ಮಾತು ಸರಿ?" ಇವತ್ತು ಅದನ್ನೇ ಮಾತಾಡೋಣ.

ಗುಲಾಬಿ ತಳಿ ಹೇಗಿದೆ ಅಂತ ಒಂದೆರಡು ವರ್ಷದಲ್ಲಿ ಗೊತ್ತಾಗುತ್ತೆ. ಬೇಡ ಅನ್ನಿಸಿದ್ರೆ ಕಿತ್ತು ಬೇರೆ ನೆಡಬಹುದು. ತೆಂಗು ಹಾಗಲ್ಲ. ಹೊಂಬಾಳೆ ಮರದೊಳಗೆ ಮೊಳೆತು, ಹೊರಗೆ ಬಂದು, ಕಾಯಿ ಬಲಿಯೋಕೆ ಸುಮಾರು 44 ತಿಂಗಳು ಬೇಕು. ಹಾಗಾಗಿ ಒಂದು ವರ್ಷದ ಬರದ ಪೆಟ್ಟು ಮುಂದಿನ ವರ್ಷಗಳ ಇಳುವರಿಯಲ್ಲೂ ಕಾಣುತ್ತೆ. ತೆಂಗಿನ ತಳಿಯ ಬಗ್ಗೆ ಅವಸರದ ತೀರ್ಪು ಕೊಡೋಕಾಗಲ್ಲ.

ಎತ್ತರದ ತಳಿಗೂ ಗಿಡ್ಡ ತಳಿಗೂ ಸಂಕರ ಮಾಡೋ ಪ್ರಯೋಗ 1932ರಲ್ಲೇ, ಈಗಿನ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ನಡೆದಿತ್ತು. 1985ರಲ್ಲಿ ಕಾಸರಗೋಡಿನ ಸಿಪಿಸಿಆರ್‌ಐ 'ಚಂದ್ರ ಸಂಕರ' ಬಿಡುಗಡೆ ಮಾಡಿತು. ಇದರ ತಾಯಿ ಚೌಘಾಟ್ ಕಿತ್ತಳೆ ಬಣ್ಣದ ಗಿಡ್ಡ ತಳಿ, ತಂದೆ ಪಶ್ಚಿಮ ಕರಾವಳಿಯ ಎತ್ತರದ ತಳಿ. ನಾಟಿ ಮರ ಹೊಂಬಾಳೆ ಬಿಡೋಕೆ ಆರೇಳು ವರ್ಷ ತಗೊಂಡ್ರೆ, ಇದು ಸುಮಾರು ನಾಲ್ಕನೇ ವರ್ಷಕ್ಕೇ ಬಿಡುತ್ತೆ. ಸಾಲ ಮಾಡಿ ತೋಟ ಕಟ್ಟಿದವರಿಗೆ ಇದಕ್ಕಿಂತ ಒಳ್ಳೆ ಸುದ್ದಿ ಇನ್ನೇನಿದೆ?

ಆದರೆ ನಮ್ಮ ಸೀಮೆಯಲ್ಲಿ ಕಾಯಿ ಕಿತ್ತಲ್ಲಿಗೆ ಲೆಕ್ಕ ಮುಗಿಯಲ್ಲ. ಬಲಿತ ಕಾಯನ್ನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ, ಎಂಟು ತಿಂಗಳಿಂದ ಒಂದು ವರ್ಷ ಕಾಯ್ತೀವಿ. ನೀರು ಇಂಗಿ, ಒಳಗಿನ ತಿರುಳು ಚಿಪ್ಪು ಬಿಟ್ಟು ಗಡಗಡ ಅಂದಾಗಲೇ ಉಂಡೆ ಕೊಬ್ಬರಿ. ಅದಕ್ಕೆ ಬೆಲೆಯೂ ಬೇರೆ. 2025ರ ಹಂಗಾಮಿಗೆ ಎಣ್ಣೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,582 ರೂಪಾಯಿ, ಉಂಡೆ ಕೊಬ್ಬರಿಗೆ 12,100. ಗಿಡ್ಡ ತಳಿಯ ಕಾಯಿ ಬೇಗ ಮೊಳಕೆ ಒಡೆಯುತ್ತೆ, ಅದರ ಕೊಬ್ಬರಿ ಮೆತ್ತಗಿರುತ್ತೆ. ಆ ರಕ್ತ ಇರೋ ಹೈಬ್ರಿಡ್ ಬಗ್ಗೆ ಹಿರಿಯರು "ಅಟ್ಟದಲ್ಲಿ ತಡೆಯುತ್ತಾ?" ಅಂತ ಕೇಳೋದು ಹಟಕ್ಕಲ್ಲ, ಲೆಕ್ಕ ಗೊತ್ತಿರೋದಕ್ಕೆ.

ಇನ್ನೊಂದು ಪರೀಕ್ಷೆ ನೀರಿಂದು. ಚಂದ್ರ ಸಂಕರ ನೀರು, ಗೊಬ್ಬರ ಚೆನ್ನಾಗಿ ಸಿಗೋ ತೋಟದ ತಳಿ. 2016ರ ಆಸುಪಾಸಿನ ಸಾಲು ಬರದಲ್ಲಿ ಬೋರ್‌ವೆಲ್ ಬತ್ತಿದಾಗ ನಾಟಿ ಮರಗಳೇ ಸುಳಿ ಬಾಗಿಸಿ ನಿಂತಿದ್ವು. ಅಂಥಾದ್ರಲ್ಲಿ ನೀರು ಹೆಚ್ಚು ಬೇಡೋ ಮರದ ಕಥೆ ಏನು? ಅದೇ ಸಿಪಿಸಿಆರ್‌ಐ ನಮ್ಮ 'ತಿಪಟೂರು ಟಾಲ್' ತಳಿಯಿಂದಲೇ ಆಯ್ದು, ಉಂಡೆ ಕೊಬ್ಬರಿಗೆ ಹೊಂದೋ, ಬರ ತಡೆಯೋ 'ಕಲ್ಪತರು' ತಳಿಯನ್ನ ಕೊಟ್ಟಿದೆ. ಅಪ್ಪನ ಮಾತಿಗೆ ವಿಜ್ಞಾನವೂ ತಲೆ ಆಡಿಸಿದೆ ಅಂತಾಯ್ತು.

ಹಾಗಂತ ಹೈಬ್ರಿಡ್ ಸೋತಿಲ್ಲ. ಎಳನೀರಿಗೆ ಮಾರೋರಿಗೆ ಅಟ್ಟವೂ ಬೇಡ, ವರ್ಷಗಟ್ಟಲೆ ಕಾಯೋದೂ ಬೇಡ. ನೀರು ಗ್ಯಾರಂಟಿ ಇದ್ದು, ಬೇಗ ದುಡ್ಡು ಬರಬೇಕು ಅನ್ನೋರಿಗೆ ಅದು ಒಳ್ಳೆ ಮರವೇ.

ಅದಕ್ಕೇ ನನ್ನ ಉತ್ತರ ಇಷ್ಟು: ಯಾವ ತಳಿ ಅಂತ ಕೇಳೋ ಮೊದಲು, ಏನು ಮಾರ್ತೀರಿ, ಬೇಸಿಗೆಯಲ್ಲಿ ಎಷ್ಟು ನೀರಿರುತ್ತೆ ಅಂತ ಮನೆಯಲ್ಲಿ ಕೂತು ಮಾತಾಡಿ. ಕೊಬ್ಬರಿಯೇ ಜೀವನ, ನೀರು ಅನುಮಾನ ಅಂದ್ರೆ ನಾಟಿ ಇಡಿ. ನೀರಿರೋ ಮೂಲೆಯಲ್ಲಿ ಬೇಕಾದ್ರೆ ಹತ್ತಿಪ್ಪತ್ತು ಹೈಬ್ರಿಡ್ ಹಾಕಿ ನೋಡಿ.

ಸಸಿ ತರುವಾಗ ಎರಡು ವಿಷಯ ನೆನಪಿರಲಿ. ಚಂದ್ರ ಸಂಕರದ ಸಸಿ ಅಂತ ಕೊಟ್ಟಿದ್ದರ ಗರಿಯ ದಂಟು ಪೂರ್ತಿ ಕಿತ್ತಳೆ ಬಣ್ಣ ಇದ್ರೆ ಅದು ಸಂಕರ ಅಲ್ಲ, ಬರೀ ಗಿಡ್ಡ ತಳಿ; ಸಂಕರದ್ದು ಕಂದು ಛಾಯೆಯಲ್ಲಿರುತ್ತೆ. ಇನ್ನು, ಹೈಬ್ರಿಡ್ ಮರದ ಕಾಯನ್ನೇ ಬಿತ್ತನೆಗೆ ಇಡಬೇಡಿ. ಅದರ ಮಕ್ಕಳು ತಾಯಿಯ ಹಾಗೆ ಬರಲ್ಲ, ಒಂದೊಂದು ಒಂದೊಂದು ಥರ ಆಗುತ್ತೆ. ಅದು ಗೊತ್ತಾಗೋ ಹೊತ್ತಿಗೆ ಐದಾರು ವರ್ಷ ಕಳೆದಿರುತ್ತೆ.