ಹುಳಿ ಮೇವು ಹಾಲನ್ನು ಕೆಡಿಸುವುದಿಲ್ಲ

ಅಂಕೋಲೆಯ ಕಡೆ ರಸಮೇವಿನ (ಸೈಲೇಜ್) ಮಾತೆತ್ತಿದರೆ ಸಾಮಾನ್ಯವಾಗಿ ಸಿಗುವ ಉತ್ತರ: ‘ಹುಳಿ ನಾತದ ಹುಲ್ಲು ಹಾಕಿದ್ರೆ ಹಾಲೂ ಹುಳಿಯಾಗ್ತದೆ.’ ಹೀಗೆ ನಂಬಿ, ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹಸಿರನ್ನು ಬಲಿತು ಒಣಗಲು ಬಿಟ್ಟು, ಏಪ್ರಿಲ್‌ನಲ್ಲಿ ಬರೀ ಬೈಹುಲ್ಲು ಹಾಕಿ ‘ಹಾಲು ಇಳೀತು’ ಎಂದು ಕೊರಗುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಹುಳಿ ಬಂದದ್ದು ಕೊಳೆತು ಅಲ್ಲ. ಹಸಿಮೇವನ್ನು ಎರಡು-ಮೂರು ಸೆಂ.ಮೀ. ತುಂಡು ಮಾಡಿ, ಗುಂಡಿಗೆ ತುಂಬಿ, ಗಾಳಿ ಉಳಿಯದಂತೆ ತುಳಿದು ಮುಚ್ಚಿದರೆ ಬ್ಯಾಕ್ಟೀರಿಯಾಗಳು ಹುಲ್ಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಪಿಎಚ್ 4ರ ಆಸುಪಾಸಿಗೆ ಇಳಿದ ಮೇಲೆ ಕೊಳೆಸುವ ಜೀವಿಗಳು ಅಲ್ಲಿ ಬಾಳವು. ಮೇವನ್ನು ಕಾಯುವುದೇ ಆ ಹುಳಿ. ಹಸಿಮೇವಿಗೆ ಆಮ್ಲ ಬೆರೆಸಿ ಕೆಡದಂತಿಡುವ ವಿಧಾನ ರೂಪಿಸಿದ ಫಿನ್‌ಲೆಂಡಿನ ಎ. ಐ. ವಿರ್ಟಾನೆನ್ ಅವರಿಗೆ 1945ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಇನ್ನು ಹಾಲಿನ ವಿಷಯ. ದನದ ದೊಡ್ಡಹೊಟ್ಟೆಯ ಸೂಕ್ಷ್ಮಜೀವಿಗಳು ಮೇವಿನ ಲ್ಯಾಕ್ಟಿಕ್ ಆಮ್ಲದ ದೊಡ್ಡ ಪಾಲನ್ನು ಪ್ರೊಪಿಯೋನಿಕ್ ಆಮ್ಲವಾಗಿಸುತ್ತವೆ, ಯಕೃತ್ತು ಅದರಿಂದ ಗ್ಲೂಕೋಸ್ ತಯಾರಿಸುತ್ತದೆ, ಕೆಚ್ಚಲಲ್ಲಿ ಅದು ಹಾಲಿನ ಸಕ್ಕರೆಯಾಗುತ್ತದೆ. ಮೇವಿನ ಹುಳಿ ಹೊರಬರುವುದು ಹಾಲಿನ ಸಿಹಿಯಾಗಿ! ಕರಾವಳಿಯ ಸೆಕೆಯಲ್ಲಿ ಹಾಲು ಬೇಗ ಒಡೆಯುವುದಕ್ಕೆ ಸರಿಯಾಗಿ ತೊಳೆಯದ ಪಾತ್ರೆ, ಕೆಚ್ಚಲು ಕಾರಣ. ವಾಸನೆಯ ದೂರು ಮಾತ್ರ ಸುಳ್ಳಲ್ಲ. ಕರೆಯುವ ಸ್ವಲ್ಪ ಮೊದಲು ಹಾಕಿದರೆ ಹಾಲಿಗೆ ಅಂಟಬಹುದು. ಕರೆದ ಮೇಲೆ ಹಾಕಿದರಾಯಿತು.

ಇಲ್ಲಿನ ನಿಜವಾದ ತೊಡಕು ಮಳೆ. ನೇಪಿಯರ್ ಹುಲ್ಲಿನ ತುಂಡುಗಳನ್ನು ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ತುಂಬಲೇಬಾರದು. ಕೈ ಬಿಟ್ಟಾಗ ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಹದ, ತೇವ ಶೇ. 65–70 ಇದೆ ಎಂದರ್ಥ. ಬಿಸಿಲು ಸಿಗದಿದ್ದರೆ ಕತ್ತರಿಸಿದ ಬೈಹುಲ್ಲು ಬೆರೆಸಬೇಕು. ತೇವ ಮೀರಿದ ಗುಂಡಿ ಕೆಟ್ಟ ಬೆಣ್ಣೆಯಂತೆ ನಾರುತ್ತದೆ.

ಯೂರಿಯಾ ಹಾಕಲೇಬೇಕೆಂಬುದು ಸುಳ್ಳು. ದೊಡ್ಡ ಗುಂಡಿಯೇ ಬೇಕೆಂದಿಲ್ಲ, ಇಲಿ ತೂತು ಮಾಡದಂತೆ ನೋಡಿಕೊಂಡರೆ ಗಟ್ಟಿ ಪ್ಲಾಸ್ಟಿಕ್ ಚೀಲವೂ ಸಾಕು. ಹಾಲು ದ್ವಿಗುಣವಾಗುವುದೂ ಇಲ್ಲ: ತುಂಬಿದ ಹುಲ್ಲಿಗಿಂತ ಒಳ್ಳೆಯದು ಹೊರಬರದು. ಬೂಷ್ಟು ಹಿಡಿದದ್ದನ್ನು ಎಸೆಯಬೇಕು, ಗಬ್ಬದ ಹಸುವಿಗಂತೂ ಕೊಡಲೇಬಾರದು.

ಇಷ್ಟೆಲ್ಲ ಹೆದರುವವರೇ ಮದುವೆಯಲ್ಲಿ ಮಿಕ್ಕ ಅನ್ನ, ಪಾಯಸವನ್ನು ಪುಣ್ಯವೆಂದು ಬಕೆಟ್‌ಗಟ್ಟಲೆ ದನದ ಮುಂದೆ ಸುರಿಯುತ್ತಾರೆ. ಅಷ್ಟು ಪಿಷ್ಟ ಒಮ್ಮೆಲೇ ಬಿದ್ದರೆ ಹೊಟ್ಟೆಯಲ್ಲಿ ಲ್ಯಾಕ್ಟಿಕ್ ಆಮ್ಲ ಮಿತಿಮೀರುತ್ತದೆ, ಮೆಲುಕು ನಿಲ್ಲುತ್ತದೆ, ದನ ನೆಲ ಹಿಡಿಯುತ್ತದೆ. ಹೊತ್ತಿಗೆ ಸರಿಯಾಗಿ ಪಶುವೈದ್ಯರು ಬಾರದಿದ್ದರೆ ಸತ್ತೇ ಹೋಗಬಹುದು. ಆ ಅನ್ನ ಹಾಕಬಹುದೇ ಎಂದು ಕೇಳುವವರು ಮಾತ್ರ ಕಡಿಮೆ.