ಕುಶಲತೆಯೋ, ಆವಿಷ್ಕಾರವೋ?

ಕೆಂಪಗೆ ಕಾಯಿಸಿದ ಉಕ್ಕನ್ನು ನೀರಿನಲ್ಲಿ ಅದ್ದಿದರೆ ಅದು ಗಡುಸಾಗುತ್ತದೆ. ಮತ್ತೆ ಹದವಾಗಿ ಕಾಯಿಸಿದರೆ ಪೆಡಸುತನ ಕಡಮೆಯಾಗುತ್ತದೆ. ಇದು ಕಮ್ಮಾರರೆಲ್ಲ ಬಲ್ಲ ವಿಷಯ. ಒಬ್ಬಾತ ಇದೇ ಕ್ರಮವನ್ನು ಉಕ್ಕಿನ ಸಣ್ಣ ಗುಂಡುಗಳಿಗೆ ಅನ್ವಯಿಸಿ, ಇದು ತನ್ನ ಆವಿಷ್ಕಾರವೆಂದು ಪೇಟೆಂಟು ಬೇಡಿದನೆನ್ನಿ. ಗುಂಡುಗಳಿಗೆ ಹಿಂದೆ ಯಾರೂ ಹಾಗೆ ಮಾಡಿರದಿದ್ದರೆ ಅದು ಹೊಸತೇ ಸರಿ. ಆದರೆ ಹೊಸತನವೊಂದೇ ಸಾಲದು. ಆ ಕಸುಬನ್ನು ಬಲ್ಲವನಿಗೆ ತಾನಾಗಿ ಹೊಳೆಯುವಂಥದೂ ಅದಾಗಿರಬಾರದು ಎನ್ನುತ್ತದೆ ಕಾನೂನು.

ಈ ನಿಯಮವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು ವಿಶದಪಡಿಸಿದ್ದು 1978ರಲ್ಲಿ, ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ಥಾನ್ ಮೆಟಲ್ ಇಂಡಸ್ಟ್ರೀಸ್ ನಡುವಣ ಮೊಕದ್ದಮೆಯಲ್ಲಿ. ಮಿರ್ಜಾಪುರದಲ್ಲಿ ಹಿತ್ತಾಳೆ ಪಾತ್ರೆಗಳನ್ನು ಕೆರೆದು ಹೊಳಪು ಕೊಡುವಾಗ, ಅವನ್ನು ಲೇತ್ ಯಂತ್ರದ ತಿರುಗುವ ತಲೆಗೆ ಅಂಟಿಸುತ್ತಿದ್ದರು, ಇಲ್ಲವೆ ಅದರ ಹಿಡಿಕೆಯಲ್ಲಿ ಕಚ್ಚಿಸುತ್ತಿದ್ದರು. ತಿರುಗುವ ರಭಸಕ್ಕೆ ಪಾತ್ರೆ ಸಿಡಿದು ಕೆಲಸಗಾರನಿಗೆ ಪೆಟ್ಟಾಗುವ ಭಯವಿತ್ತು. ಎದುರಿನಿಂದ ಕದಿರೊಂದು ಪಾತ್ರೆಯನ್ನು ಒತ್ತಿ ಹಿಡಿಯುವ ಏರ್ಪಾಡಿಗೆ 1951ರ ಪೇಟೆಂಟು ದೊರೆಯಿತು. ಇನ್ನೊಬ್ಬ ತಯಾರಕರು ಅದೇ ಕ್ರಮವನ್ನು ಬಳಸಿದಾಗ ವ್ಯಾಜ್ಯ ಹುಟ್ಟಿತು. ಅಲಹಾಬಾದ್ ಉಚ್ಚ ನ್ಯಾಯಾಲಯದ ಒಬ್ಬ ನ್ಯಾಯಾಧೀಶರು ಪೇಟೆಂಟನ್ನು ರದ್ದುಗೊಳಿಸಿದರು. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ ಅದನ್ನು ಉಳಿಸಿತು. ಸರ್ವೋಚ್ಚ ನ್ಯಾಯಾಲಯವು ಮತ್ತೆ ರದ್ದುಪಡಿಸಿತು. ಒತ್ತುಕದಿರು ಲೇತಿಗೆ ಹೊಸತಲ್ಲ. ಇದು ಕಾರ್ಯಾಗಾರದ ಸುಧಾರಣೆಯೇ ಹೊರತು ಆವಿಷ್ಕಾರವಲ್ಲ ಎಂಬುದು ಅದರ ನಿರ್ಣಯ.

ಈ ತೀರ್ಪನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಒರೆಗಲ್ಲು. ಅಂದಿನ ಸಾಮಾನ್ಯ ಜ್ಞಾನವುಳ್ಳ ಸಮರ್ಥ ಕುಶಲಿಯ ಮುಂದೆ ಅದೇ ಸಮಸ್ಯೆಯನ್ನಿಡಬೇಕು. ಆವಿಷ್ಕಾರದ ಸುಳಿವನ್ನು ಮಾತ್ರ ಕೊಡಕೂಡದು. ಹಳೆಯ ತಿಳಿವಳಿಕೆಯಿಂದಲೇ ಆತನಿಗೆ ಪರಿಹಾರ ದಕ್ಕುತ್ತಿತ್ತೇ ಎಂದು ಕೇಳಬೇಕು. ಒಗಟು ಒಡೆದ ಮೇಲೆ ಎಲ್ಲರೂ ಜಾಣರೇ. ಆದುದರಿಂದ ನ್ಯಾಯಾಧೀಶರು ಉತ್ತರ ತಿಳಿದೂ ತಿಳಿಯದವನ ಸ್ಥಾನದಲ್ಲಿ ಕುಳಿತು ಯೋಚಿಸಬೇಕಾಗುತ್ತದೆ. ಇದು ಸುಲಭವಲ್ಲ, ಒಂದೇ ಏರ್ಪಾಡು ಒಂದು ಪೀಠಕ್ಕೆ ಆವಿಷ್ಕಾರವಾಗಿಯೂ ಮತ್ತೊಂದಕ್ಕೆ ಬರಿಯ ಕುಶಲತೆಯಾಗಿಯೂ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಒರೆಗಲ್ಲು ಸಡಿಲವಾದರೆ ಕಸುಬುದಾರರೆಲ್ಲರ ಸೊತ್ತಾದ ಜಾಣ್ಮೆಗೆ ಒಬ್ಬನು ಬೇಲಿ ಹಾಕುತ್ತಾನೆ. ಅತಿ ಬಿಗಿಯಾದರೆ ನಿಜವಾಗಿ ದುಡಿದು ಕಂಡುಹಿಡಿದವನ ಶ್ರಮ ವ್ಯರ್ಥವಾಗುತ್ತದೆ. ಮಿರ್ಜಾಪುರದ ಪಾತ್ರೆಗಳ ವಿಷಯದಲ್ಲಿ ತೂಕ ಕಸುಬಿನ ಕಡೆಗೇ ವಾಲಿದ್ದು ಉಚಿತವೆಂದು ನನ್ನ ಭಾವನೆ.